ಹದಿನಾರು ಗಂಟೆ ಮುರಿದ ರೈಟಮ್ಮ

ಬಸ್ಸಿನೊಳಗೆ ಅವಳೇ ಸರ್ಕಾರ. ಹಿಂದಿನ ಬಾಗಿಲಲ್ಲಿ ನಿಂತು "ರೈಟ್, ರೈಟ್!" ಎಂದು ಕೂಗಿದರೆ ತೂಕಡಿಸುತ್ತಿದ್ದವರೂ ಬೆಚ್ಚಿ ನೆಟ್ಟಗೆ ಕೂರುತ್ತಿದ್ದರು. ಆ ಕೂಗಿನಿಂದಲೇ ಅವಳಿಗೆ ರೈಟಮ್ಮ ಎಂಬ ಹೆಸರು ಬಿದ್ದದ್ದು. ಡಿಪೋದಲ್ಲಿ, ಬೀದಿಯಲ್ಲಿ, ಕಡೆಗೆ ಟಯರ್ ಅಂಗಡಿ ನಡೆಸುವ ಗಂಡನ ಬಾಯಲ್ಲೂ ಅವಳು ರೈಟಮ್ಮನೇ.

ಮೊಂಡ ರಾಜನಿಗಿಂತ ಬಲವಂತ ಅನ್ನುತ್ತಾರಲ್ಲ, ಆ ಜಾತಿಯ ಹೆಂಗಸು. ಒಮ್ಮೆ ಯಾವನೋ ದೊಡ್ಡ ಮನುಷ್ಯನ ಬಲಗೈ ಬಂಟನಂತೆ, ಹೆಂಗಸರ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತುಬಿಟ್ಟ. ತುಂಬು ಬಸುರಿಯೊಬ್ಬಳು ಪಕ್ಕದಲ್ಲೇ ಕಂಬಿ ಹಿಡಿದು ನಿಂತಿದ್ದಳು. ರೈಟಮ್ಮ ಎರಡು ಸಲ ಹೇಳಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೇ ಸಲ ಅವಳು ಹೇಳಲಿಲ್ಲ. ಶಿಳ್ಳೆ ಊದಿ ಸೇತುವೆಯ ಮಧ್ಯದಲ್ಲೇ ಬಸ್ಸು ನಿಲ್ಲಿಸಿ ಮೆಟ್ಟಿಲ ಮೇಲೆ ಕೂತಳು. "ಇವರು ಏಳೋವರೆಗೂ ಬಸ್ಸೂ ಏಳಲ್ಲ" ಎಂದಳು. ಹಿಂದೆ ಲಾರಿಗಳ ಸಾಲು, ಹಾರನ್ನಿನ ಗದ್ದಲ, ಒಳಗೆ ಜನರ ಬೈಗುಳ. ಕೊನೆಗೆ ಆ ಮನುಷ್ಯ ಎದ್ದ. ಮಾರನೆಯ ದಿನ ಡಿಪೋ ಮ್ಯಾನೇಜರ್ ಕರೆಸಿ ಕೇಳಿದಾಗ ರೈಟಮ್ಮ, "ಮತ್ತೆ ಬಂದ್ರೆ ಮತ್ತೆ ಹಾಗೇ ಮಾಡ್ತೀನಿ ಸರ್, ಈಗ್ಲೇ ಹೇಳಿರ್ತೀನಿ" ಎಂದು ಬಂದಿದ್ದಳು.

ಇಂಥವಳನ್ನೂ ಅಲುಗಿಸುವ ಸುದ್ದಿ ಬಂದದ್ದು ಒಂದು ಬೆಳಿಗ್ಗೆ. ಬಸ್ಸು ಕೊನೆಯ ನಿಲ್ದಾಣ ತಲುಪಿ, ಜನ ಇಳಿದು, ಅವಳು ಸೀಟುಗಳ ಕೆಳಗೆ ಯಾರಾದರೂ ಏನಾದರೂ ಬಿಟ್ಟಿದ್ದಾರೋ ಎಂದು ಬಗ್ಗಿ ನೋಡುತ್ತಿದ್ದಾಗ ಫೋನು ಬಂತು. ದೂರದ ದೇಶದ ನಂಬರು. ಅಲ್ಲಿ ದುಡಿಯುತ್ತಿದ್ದ ಅವಳ ಅಕ್ಕನ ಜೊತೆ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಮಾಡುವ ಗೆಳತಿ ಮಾತಾಡಿದಳು. ಅವಳೂ ಈ ಕಡೆಯವಳೇ, ಆದ್ದರಿಂದ ಮಾತು ಸುತ್ತಿ ಬಳಸದೆ ನೆಟ್ಟಗೆ ಬಂತು. "ನಿಮ್ಮಕ್ಕ ಇಸ್ತ್ರಿ ಮಾಡ್ತಾ ಮಾಡ್ತಾನೇ ಕುಸಿದುಬಿಟ್ರು ಕಣಮ್ಮ. ಬಲಗೈ, ಬಲಗಾಲು ಬಿದ್ದುಹೋಗಿದೆ. ಜೀವಕ್ಕೇನೂ ಇಲ್ಲ ಅಂತಿದ್ದಾರೆ. ಮಾತು ಮಾತ್ರ..." ಅಷ್ಟು ಹೇಳಿ ಅವಳು ಅತ್ತುಬಿಟ್ಟಳು.

ರೈಟಮ್ಮ ಖಾಲಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ಕೂತಳು. ಇಷ್ಟು ವರ್ಷದ ನೌಕರಿಯಲ್ಲಿ ಆ ಸೀಟಿನಲ್ಲಿ ಅವಳು ಕೂತದ್ದು ಅದೇ ಮೊದಲು.

ಅಕ್ಕ ಎಂದರೆ ಅವಳಿಗೆ ಬರೀ ಅಕ್ಕನಲ್ಲ. ತಾಯಿ ತೀರಿಕೊಂಡಾಗ ರೈಟಮ್ಮ ಇನ್ನೂ ತೆವಳುವ ಕೂಸು. ಅಮ್ಮನ ಮುಖ ನೆನಪಿಲ್ಲ. ಅಮ್ಮ ಎಂದರೆ ನೆನಪಾಗುವುದು ಅಕ್ಕನ ಕೈಯ ಸೋಪಿನ ವಾಸನೆ. ಮರ ಕೊಯ್ಯುವ ಮಿಲ್ಲಿನಲ್ಲಿದ್ದ ಅಪ್ಪನ ಎದೆ ಧೂಳಿನಿಂದ ಕೆಟ್ಟು ಹಾಸಿಗೆ ಹಿಡಿದ ಮೇಲೆ, ಮನೆಯ ನೊಗಕ್ಕೆ ಕತ್ತು ಕೊಟ್ಟವಳು ಅಕ್ಕ. ಯಾರೋ ದಲ್ಲಾಳಿ ದೂರದ ದೇಶದಲ್ಲಿ ಹೋಟೆಲ್ ಕೆಲಸ ಇದೆ ಅಂದ. ಮದುವೆಗೆ ಬಂದಿದ್ದ ಗಂಡನ್ನು ಬೇಡವೆಂದು, ಒಂದು ಪೆಟ್ಟಿಗೆ ಹಿಡಿದು ಹೊರಟೇಬಿಟ್ಟಳು. ನಡುವಿನವನಾದ ಅಣ್ಣ ಓದಿದ್ದು, ಬಣ್ಣದ ಅಂಗಡಿ ಇಟ್ಟದ್ದು, ತಂಗಿಯ ಮದುವೆ ಆದದ್ದು, ಎಲ್ಲವೂ ಅಲ್ಲಿ ಆವಿಯಲ್ಲಿ ಬೆಂದ ಆ ಕೈಗಳಿಂದ. ತಾನು ಮಾತ್ರ ಊರಿಗೆ ಬಂದದ್ದು ಬೆರಳಲ್ಲಿ ಎಣಿಸುವಷ್ಟು ಸಲ. "ಬರ್ತೀನಿ, ಮುಂದಿನ ವರ್ಷ ಬಂದೇ ಬರ್ತೀನಿ" ಎನ್ನುತ್ತಲೇ ತಲೆ ನರೆಯಿತು.

ಅದೇ ಸಂಜೆ ರೈಟಮ್ಮ ಅಣ್ಣನ ಮನೆಗೆ ಹೋದಳು. ಅಣ್ಣ ಕೆಟ್ಟವನಲ್ಲ, ಆದರೆ ಯಾವ ಕಷ್ಟವನ್ನಾದರೂ ಅದು ಮನೆ ಹೊಸ್ತಿಲು ದಾಟುವ ಮೊದಲೇ ದೂರದಲ್ಲೇ ಕೂರಿಸಿ ಮಾತಾಡಿಸಿ ಕಳಿಸುವ ಜಾಣ. ಅವನು ಆಗಲೇ ಆಸ್ಪತ್ರೆಗೂ ಫೋನು ಮಾಡಿ, ಇಂಟರ್‌ನೆಟ್ಟಿನಲ್ಲೂ ಹುಡುಕಿ ಕೂತಿದ್ದ.

"ಇಲ್ನೋಡು," ಎಂದು ಫೋನನ್ನು ಅವಳ ಮುಂದೆ ಹಿಡಿದ. ಎರಡು ವಿಮಾನ ನಿಲ್ದಾಣದ ನಡುವೆ ಒಂದು ನೀಲಿ ಗೆರೆ. "ಹದಿಮೂರು ಸಾವಿರ ಚಿಲ್ಲರೆ ಕಿಲೋಮೀಟರ್. ನಡುವೆ ಎಲ್ಲೂ ನಿಲ್ಲದೆ ಹಾರಿದ್ರೂ ಹದಿನಾರು ಗಂಟೆ. ಪಾರ್ಶ್ವವಾಯು ಹೊಡೆದವರನ್ನ ಹದಿನಾರು ಗಂಟೆ ಕೂರಿಸೋಕಾಗುತ್ತಾ? ಅಲ್ಲಿನ ಡಾಕ್ಟರೇ ಆಗಲ್ಲ ಅಂದ್ರು."

"ಮತ್ತೆ?"

"ಅಲ್ಲೇ ಒಂದು ಒಳ್ಳೆ ಆರೈಕೆ ಕೇಂದ್ರ ಇದೆಯಂತೆ. ಅಕ್ಕ ಅಲ್ಲಿ ದುಡಿದವಳಲ್ವಾ, ಆ ದೇಶದವರೇ ನೋಡ್ಕೋತಾರೆ. ನಮ್ಮಿಂದ ಇಲ್ಲಿ ಅಷ್ಟು ಚೆನ್ನಾಗಿ ನೋಡ್ಕೊಳ್ಳೋಕಾಗಲ್ಲ."

"ಯಾರು ನೋಡ್ಕೋತಾರೆ?"

"ನರ್ಸ್‌ಗಳು ಇರ್ತಾರಲ್ಲ."

"ಅವರ ಭಾಷೇಲಿ ಅಕ್ಕಂಗೆ ಜಗಳ ಆಡೋಕೆ ಬರುತ್ತಾ?"

ಅಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹುಡುಗಾಟ ಆಡ್ಬೇಡ. ದಾರೀಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಮೋಡದ ಮೇಲೆ ಯಾವ ಆಸ್ಪತ್ರೆ ಇರುತ್ತೆ?"

"ಆದ್ರೆ ದಾರೀಲೇ ಆಗ್ಲಿ. ಮನೆ ಕಡೆ ಮುಖ ಮಾಡ್ಕೊಂಡಾದ್ರೂ ಇರ್ತಾಳೆ," ಎಂದು ರೈಟಮ್ಮ ಎದ್ದಳು. ಅತ್ತಿಗೆ ಕೊಟ್ಟ ಕಾಫಿ ಹಾಗೇ ಆರಿತು.

ಮನೆಯಲ್ಲಿ ಗಂಡ ಟ್ಯೂಬಿಗೆ ತೇಪೆ ಹಾಕುತ್ತಾ ಎಲ್ಲವನ್ನೂ ಕೇಳಿದ. ಮಾತು ಕಡಿಮೆ ಆಸಾಮಿ. ತೇಪೆ ಅಂಟಿತೋ ಇಲ್ಲವೋ ಎಂದು ನೀರಿನಲ್ಲಿ ಅದ್ದಿ ನೋಡಿ, "ಯಾವಾಗ ಹೊರಡ್ತೀಯ?" ಎಂದಷ್ಟೇ ಕೇಳಿದ.

ಅಕ್ಕ ಒಮ್ಮೆ ಕರೆದಿದ್ದಾಗ ಮಾಡಿಸಿದ್ದ ಪಾಸ್‌ಪೋರ್ಟು ಬೀರುವಿನಲ್ಲಿ ಹಾಗೇ ಬಿದ್ದಿತ್ತು. ವೀಸಾಕ್ಕೆ ಓಡಾಡಿ ಚಪ್ಪಲಿ ಸವೆಸಿದಳು. ಕೂಡಿಟ್ಟದ್ದೆಲ್ಲ ಟಿಕೆಟ್ಟಿಗೆ ಹೋಯಿತು.  ಡಿಪೋದಲ್ಲಿ ಮ್ಯಾನೇಜರ್ ತಲೆ ಎತ್ತದೆ, "ಪರೀಕ್ಷೆ ಸಮಯ, ಬಸ್ಸುಗಳು ತುಂಬಿರುತ್ತವೆ. ರಜೆ ಇಲ್ಲ" ಅಂದ.

"ನಾನು ರಜೆ ಕೇಳೋಕೆ ಬಂದಿಲ್ಲ ಸರ್. ಹೋಗ್ತಿದೀನಿ ಅಂತ ಹೇಳೋಕೆ ಬಂದೆ."

"ಸಸ್ಪೆಂಡ್ ಆಗ್ತೀಯ."

"ಆಗ್ತೀನಿ," ಎಂದು ಟಿಕೆಟ್ ಮೆಷಿನ್ನನ್ನು ಮೇಜಿನ ಮೇಲಿಟ್ಟು ಬಂದಳು.

ವಿಮಾನ ಎಂಬುದನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅಂಜಿಕೆಗಿಂತ ಅನುಮಾನವೇ ಹೆಚ್ಚು. ಎದುರಿನ ಪುಟ್ಟ ಪರದೆಯಲ್ಲಿ ವಿಮಾನದ ದಾರಿ ಕಾಣುತ್ತಿತ್ತು. ಹೊರಟ ಊರೂ ಸೇರಬೇಕಾದ ಊರೂ ಹೆಚ್ಚುಕಡಿಮೆ ಒಂದೇ ನೇರಕ್ಕಿದ್ದರೂ, ಗೆರೆ ಮಾತ್ರ ಬಿಲ್ಲಿನಂತೆ ಬಾಗಿ ಉತ್ತರಕ್ಕೆ, ಬರೀ ಹಿಮವಿರುವ ಕಡೆಗೆ ಹೋಗುತ್ತಿತ್ತು. ರೈಟಮ್ಮನಿಗೆ ತಡೆಯಲಾಗಲಿಲ್ಲ. ನೀರು ಕೊಡಲು ಬಂದ, ನಮ್ಮ ಕಡೆಯವಳೇ ಆದ ಹುಡುಗಿಯನ್ನು ನಿಲ್ಲಿಸಿದಳು.

"ಯಾಕಮ್ಮ, ನಿಮ್ಮ ಡ್ರೈವರ್ ಸುತ್ತು ಹಾಕ್ತಿದ್ದಾರಲ್ಲ?"

ಹುಡುಗಿ ನಗು ತಡೆದುಕೊಂಡು, ಊಟದ ತಟ್ಟೆಯಲ್ಲಿದ್ದ ಕಿತ್ತಳೆ ಹಣ್ಣನ್ನು ಎತ್ತಿಕೊಂಡಳು. ಬ್ಯಾಗಿನ ಚೀಟಿಗೆ ಕಟ್ಟಿದ್ದ ದಾರ ಬಿಚ್ಚಿ ಹಣ್ಣಿನ ಮೇಲೆ ಎರಡು ಕಡೆ ಬೆರಳಿಟ್ಟು ಬಿಗಿಯಾಗಿ ಎಳೆದಳು. ದಾರ ತಾನಾಗೇ ಜಾರಿ ಮೇಲಕ್ಕೆ ಹೋಗಿ ನಿಂತಿತು. "ಭೂಮಿ ಗುಂಡಗಿದೆಯಲ್ಲ ಆಂಟಿ, ಇದೇ ಹತ್ತಿರದ ದಾರಿ. ಕಾಗದದ ಮೇಲೆ ನೋಡಿದ್ರೆ ಸುತ್ತು ಅನ್ಸುತ್ತೆ."

"ಹೋಗ್ಲಿ, ಬರುವಾಗಲೂ ಇಷ್ಟೇ ಹೊತ್ತಾ?"

"ಬರುವಾಗ ಸ್ವಲ್ಪ ಬೇಗ. ಈಗ ಗಾಳಿ ಎದುರಿಗಿದೆ, ಆಗ ಬೆನ್ನಿಗಿರುತ್ತೆ."

ಗಾಳಿಯಾದರೂ ತನ್ನ ಕಡೆ ಇದೆಯಲ್ಲ ಎಂದು ರೈಟಮ್ಮನಿಗೆ ಕೊಂಚ ಸಮಾಧಾನವಾಯಿತು. ಆದರೆ ಆ ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ದಿನವೆಲ್ಲ ನಿಂತೇ ದುಡಿಯುವ ಗಟ್ಟಿ ಕಾಲುಗಳು ಕೂತು ಕೂತು ಊದಿಕೊಂಡವು. ಬೆನ್ನು ಮರಗಟ್ಟಿತು, ಬಾಯಿ ಒಣಗಿತು. ಇಳಿಯುವಾಗ ಚಪ್ಪಲಿಯೊಳಗೆ ಪಾದ ಹೋಗಲೊಲ್ಲದು. ಅಣ್ಣ ಹೇಳಿದ್ದು ಪೂರಾ ಸುಳ್ಳಲ್ಲ ಎಂದು ಆಗ ಅನ್ನಿಸಿತು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಇಳಿದಳು. 

ಆಸ್ಪತ್ರೆಯ ಕೋಣೆಯಲ್ಲಿ ಅಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಇಷ್ಟೇ ಇಷ್ಟಾಗಿದ್ದಳು. ರೈಟಮ್ಮ "ಅಕ್ಕಾ" ಎಂದಾಗ ತಿರುಗಿ ನೋಡಿ, ಓರೆಯಾದ ಬಾಯಿಂದ "ಬೇಡ... ಬೇಡ... ಬೇಡ" ಎಂದಳು. ಹಾಗನ್ನುತ್ತಲೇ ಎಡಗೈಯಿಂದ ತಂಗಿಯ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ಗುರುತು ಬಿತ್ತು.

ಗೆಳತಿ ವಿವರಿಸಿದಳು. "ಎಲ್ಲಾ ಮಾತೂ ಹೋಗಿದೆ ಕಣಮ್ಮ. ಅದೊಂದು ಮಾತ್ರ ಉಳಿದಿದೆ. ನೀರು ಬೇಕಾದ್ರೂ ಬೇಡ, ನೋವಾದ್ರೂ ಬೇಡ. ಮನಸ್ಸಲ್ಲಿರೋದೇ ಬೇರೆ, ಬಾಯಿಗೆ ಬರೋದು ಅದೊಂದೇ. ಹೀಗೂ ಆಗುತ್ತೆ ಅಂದ್ರು ಡಾಕ್ಟರು."

ಡಾಕ್ಟರು ತೆಳ್ಳಗಿನ, ದಣಿದ ಕಣ್ಣಿನ ಮನುಷ್ಯ. ಗೆಳತಿಯೇ ನಡುವೆ ನಿಂತು ಆ ಭಾಷೆಯಿಂದ ಈ ಭಾಷೆಗೆ ದಾಟಿಸಿದಳು. ಅಷ್ಟು ಹೊತ್ತು ಒಂದೇ ಕಡೆ ಕೂತರೆ ಬಿದ್ದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದು ಮೇಲಕ್ಕೇರಿದರೆ ಮುಗಿಯಿತು. ವಿಮಾನದೊಳಗಿನ ಗಾಳಿಯೂ ಬೆಟ್ಟದ ಮೇಲಿನ ಹಾಗೆ ತೆಳ್ಳಗಿರುತ್ತದೆ. ಹದಿನಾರು ಗಂಟೆಗೆ ತಾನು ಸಹಿ ಹಾಕುವುದಿಲ್ಲ ಎಂದರು.

ರೈಟಮ್ಮ ಗೆಳತಿಯ ಕಡೆ ತಿರುಗಿದಳು. "ಅವರನ್ನ ಒಂದು ಮಾತು ಕೇಳಿ. ಕರ್ಕೊಂಡು ಹೋಗೋಕೇ ಆಗಲ್ಲ ಅಂತಿದ್ದಾರಾ, ಇಲ್ಲ ಹದಿನಾರು ಗಂಟೆ ಆಗಲ್ಲ ಅಂತಿದ್ದಾರಾ? ಎರಡೂ ಒಂದೇ ಅಲ್ಲ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಏಳೆಂಟು ಗಂಟೆಯಾದರೆ ನೋಡಬಹುದಿತ್ತು, ಅದೂ ಆಗಾಗ ಎಬ್ಬಿಸಿ ನಿಲ್ಲಿಸುತ್ತಿದ್ದರೆ, ಎಂದರು.

"ಹಾಗಾದ್ರೆ ನಡುವೆ ಇಳಿತೀವಿ. ನಮ್ಮ ಬಸ್ಸೂ ಒಂದೇ ಏಟಿಗೆ ಕೊನೇ ಊರಿಗೆ ಹೋಗಲ್ಲ."

ಡಾಕ್ಟರು ನಕ್ಕು ಕಂಪ್ಯೂಟರು ತಮ್ಮ ಕಡೆ ತಿರುಗಿಸಿಕೊಂಡರು. ನಡುದಾರಿಯ ಊರನ್ನು ಹುಡುಕಿಕೊಟ್ಟದ್ದು ಅವರೇ. ಅಲ್ಲಿ ಇಳಿದರೆ ಒಟ್ಟು ದಾರಿ ಸಾವಿರ ಕಿಲೋಮೀಟರಿನಷ್ಟು ಉದ್ದವಾಗುತ್ತದೆ. ಆದರೆ ಹದಿನಾರು ಗಂಟೆ ಎರಡು ತುಂಡಾಗುತ್ತದೆ. ತುಂಡು ತುಂಡಿನ ನಡುವೆ ಎರಡು ದಿನ ಮಲಗಿ ಸುಧಾರಿಸಿಕೊಳ್ಳಬೇಕು. ಅವರದೊಂದು ಷರತ್ತೂ ಇತ್ತು. ಮೊದಲು ಇಲ್ಲಿ, ಈ ಕೋಣೆಯಲ್ಲಿ, ಎಂಟು ಗಂಟೆ ಕುರ್ಚಿಯಲ್ಲಿ ಕೂತು ತೋರಿಸಬೇಕು.

ಆಗ ಅಕ್ಕನಿಗೆ ಅರ್ಧ ಗಂಟೆ ಕೂರಲೂ ಆಗುತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು ಅಕ್ಕತಂಗಿಯರ ಯುದ್ಧ. ರೈಟಮ್ಮ ಬೆಳಿಗ್ಗೆಯೇ ಅಕ್ಕನನ್ನು ಎತ್ತಿ ಕುರ್ಚಿಗೆ ಹಾಕುವಳು. ಅಕ್ಕ ಪಕ್ಕಕ್ಕೆ ವಾಲುವಳು. ದಿಂಬು ಒತ್ತರಿಸಿ ನೆಟ್ಟಗೆ ಮಾಡುವಳು. ಗಂಟೆಗೊಮ್ಮೆ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ನಿಲ್ಲಿಸುವಳು. ಅಕ್ಕ ಸಿಟ್ಟಿನಿಂದ ಲೋಟ ಎಸೆದಳು, ಒಮ್ಮೆ ಎಡಗೈಯಿಂದ ತಂಗಿಯ ಕೆನ್ನೆಗೇ ಬಾರಿಸಿದಳು. ಕೆನ್ನೆ ಉಜ್ಜಿಕೊಂಡು ರೈಟಮ್ಮ, "ಹೊಡಿ, ಇನ್ನೊಂದು ಹೊಡಿ. ಕೈಗೆ ಬಲ ಬಂದಿದೆ ಅಂತಾಯ್ತು. ಈಗ ಏಳು" ಎಂದಳು.

ಗೆಳತಿಗೆ ನೋಡಲಾಗಲಿಲ್ಲ. "ಪಾಪ, ಬಿಡಮ್ಮ ಇವತ್ತಿಗೆ."

"ಪಾಪ ಅಂದ್ರೆ ಮಲಗಿಬಿಡ್ತಾಳೆ. ಬೈದ್ರೆ ಏಳ್ತಾಳೆ. ಚಿಕ್ಕೋಳಿದ್ದಾಗ ನನ್ನನ್ನ ಹೀಗೇ ಸ್ಕೂಲಿಗೆ ಎಬ್ಬಿಸ್ತಿದ್ದಿದ್ದು ಇವಳು."

ಆದರೆ ಒಳಗೊಂದು ಮುಳ್ಳು ಚುಚ್ಚುತ್ತಲೇ ಇತ್ತು. "ಅಕ್ಕಾ, ಮನೆಗೆ ಹೋಗೋಣ್ವಾ?" ಎಂದು ಕೇಳಿದಾಗಲೆಲ್ಲ ಬರುತ್ತಿದ್ದ ಉತ್ತರ "ಬೇಡ". ಇದೊಂದೇ ಮಾತು ಉಳಿದಿರುವುದು ನಿಜ. ಆದರೆ ಒಂದು ವೇಳೆ ಅದೇ ಮನಸ್ಸಿನ ಮಾತೂ ಆಗಿದ್ದರೆ? ಅರ್ಧ ಆಯುಸ್ಸು ಈ ನೆಲದಲ್ಲೇ ಕಳೆದವಳು. ನನ್ನ ಹಟಕ್ಕೆ ಇವಳನ್ನು ಮೂಟೆಯಂತೆ ಹೊತ್ತೊಯ್ಯುತ್ತಿದ್ದೇನೆಯೇ? ಈ ಯೋಚನೆ ಬಂದ ದಿನ ರೈಟಮ್ಮ ಯಾರನ್ನೂ ಬೈಯಲಿಲ್ಲ, ಅಕ್ಕನನ್ನೂ ಎಬ್ಬಿಸಲಿಲ್ಲ. ಹಾಸಿಗೆಯ ಮೇಲೆ ಖಾಲಿ ಸೂಟ್‌ಕೇಸು ತೆರೆದಿಟ್ಟು ಕಿಟಕಿಯ ಬಳಿ ಹೋಗಿ ನಿಂತಳು. ಹಿಂದೆ ಏನೋ ಉಜ್ಜುವ ಸದ್ದು. ತಿರುಗಿ ನೋಡಿದರೆ, ಅಕ್ಕ ಎಡಗೈಯಿಂದ ಮಂಚದ ಪಕ್ಕದ ಕಪಾಟಿನಿಂದ ತನ್ನ ಬೂಟುಗಳನ್ನು ಒಂದೊಂದಾಗಿ ಎಳೆದು ಸೂಟ್‌ಕೇಸಿಗೆ ಹಾಕುತ್ತಿದ್ದಳು. ಬೂಟಾದ ಮೇಲೆ ಬಾಚಣಿಗೆ. ಬಾಚಣಿಗೆಯಾದ ಮೇಲೆ ಆಸ್ಪತ್ರೆಯವರ ಟವೆಲ್ಲು.

"ಅದು ಅವರದ್ದು ಕಣೇ ಅಕ್ಕ!" ಎಂದು ರೈಟಮ್ಮ ನಗುತ್ತಾ ಅತ್ತಳು.

ತಿಂಗಳ ಕೊನೆಗೆ ಅಕ್ಕ ಎಂಟು ಗಂಟೆ ಕೂತಳು. ಡಾಕ್ಟರು ಸಹಿ ಹಾಕಿ, ರೈಟಮ್ಮನ ಕೈ ಕುಲುಕಿ, ಅಕ್ಕನಿಗೆ ತಲೆ ಬಾಗಿಸಿದರು. ಅಕ್ಕ "ಬೇಡ" ಎಂದು ಅವರ ಕೆನ್ನೆ ತಟ್ಟಿದಳು.

ಮೊದಲ ತುಂಡು ಬೆಣ್ಣೆಯಂತೆ ಜಾರಿತು. ಗಾಳಿ ಬೆನ್ನಿಗಿದ್ದದ್ದಕ್ಕೋ ಏನೋ, ಹೇಳಿದ್ದಕ್ಕಿಂತ ಬೇಗವೇ ಇಳಿದರು. ನಡುದಾರಿಯ ಊರಿನ ಸಣ್ಣ ವಸತಿಗೃಹದಲ್ಲಿ ಎರಡು ದಿನ ಮಲಗಿ, ಮೂರನೇ ದಿನ ಬೆಳಿಗ್ಗೆ ಮತ್ತೆ ವಿಮಾನ ನಿಲ್ದಾಣಕ್ಕೆ ಬಂದರು. ಈಗ ಹತ್ತಬೇಕಾದದ್ದು ನಮ್ಮ ದೇಶದ್ದೇ ವಿಮಾನ. ಕೌಂಟರಿನಲ್ಲಿ ಕೂತಿದ್ದ ಹುಡುಗಿ ನಮ್ಮದೇ ಭಾಷೆಯಲ್ಲಿ ಮಾತಾಡಿದಾಗ ರೈಟಮ್ಮನಿಗೆ ಮನೆಯ ಗೇಟು ಮುಟ್ಟಿದಷ್ಟು ನಿರಾಳವಾಯಿತು. ಎಡವಿದ್ದೇ ಅಲ್ಲಿ.

ಹುಡುಗಿ ಗಾಲಿಕುರ್ಚಿಯ ಕಡೆ ಬಗ್ಗಿ ಪ್ರೀತಿಯಿಂದಲೇ ಕೇಳಿದಳು. "ಹುಷಾರಾಗಿದೀರಾ ಅಮ್ಮ? ಪ್ರಯಾಣ ಮಾಡೋಕೆ ಮನಸ್ಸಿದೆಯಾ?"

"ಬೇಡ," ಎಂದಳು ಅಕ್ಕ. ಸ್ಪಷ್ಟವಾಗಿ, ಅಚ್ಚುಕಟ್ಟಾಗಿ.

ಹುಡುಗಿಯ ಕೈ ನಿಂತಿತು. "ಮೇಡಂ, ಅವರೇ ಬೇಡ ಅಂತಿದ್ದಾರಲ್ಲ?"

"ಅವಳ ಬಾಯಲ್ಲಿ ಉಳಿದಿರೋದು ಅದೊಂದೇ ಮಾತು ಕಣಮ್ಮ. ಡಾಕ್ಟರ್ ಬರೆದಿದ್ದಾರೆ ನೋಡು."

"ಮಾತಿಗೆ ತೊಂದರೆ ಇದೆ ಅಂತಷ್ಟೇ ಬರೆದಿದ್ದಾರೆ. ಇವರು ಇಷ್ಟು ಚೆನ್ನಾಗಿ ಹೇಳ್ತಿದ್ದಾರೆ. ಬೇಡ ಅಂದವರನ್ನ ನಾನು ಹತ್ತಿಸೋಕಾಗಲ್ಲ ಮೇಡಂ, ನಾಳೆ ನನ್ನ ತಲೆ ಮೇಲೆ ಬರುತ್ತೆ." ಪಾಸ್‌ಪೋರ್ಟುಗಳನ್ನು ಪಕ್ಕಕ್ಕಿಟ್ಟಳು.

ಬೇರೆ ಭಾಷೆಯವರ ಮುಂದೆ ಹದಿಮೂರು ಸಾವಿರ ಕಿಲೋಮೀಟರ್ ದೂರದಲ್ಲಿ ಯಾರಿಗೂ ಅಡ್ಡಬಾರದ ಆ ಮಾತು, ನಮ್ಮವರ ಮುಂದೆ ಬಂದು ಅಡ್ಡ ಬಿದ್ದಿತ್ತು. ರೈಟಮ್ಮ ವಿವರಿಸಿದಳು, ಬೇಡಿಕೊಂಡಳು, ಕೊನೆಗೆ ದನಿ ಏರಿಸಿದಳು. ಹಿಂದೆ ಸಾಲು ಬೆಳೆಯಿತು. "ಪಕ್ಕಕ್ಕೆ ಸರೀರಿ, ನಮಗೂ ಹೊತ್ತಾಗುತ್ತೆ" ಎಂದು ಒಬ್ಬ ಕೂಗಿದ. ಎಷ್ಟು ಜನಕ್ಕೆ ತಾನು ಇದನ್ನೇ ಹೇಳಿರಲಿಲ್ಲ? ರೈಟಮ್ಮ ಗಾಲಿಕುರ್ಚಿಯ ಬ್ರೇಕು ಒತ್ತಿ, ಅದರ ಪಕ್ಕ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು.

"ನಾನು ಕದಲಲ್ಲ. ನಿಮ್ಮ ದೊಡ್ಡೋರನ್ನ ಕರೀರಿ."

ದೊಡ್ಡವನು ಬಂದ. ಟೈ ಕಟ್ಟಿದ, ಮೆದು ಮಾತಿನ ಅಧಿಕಾರಿ. ಅವನಿಗೆ ಗದ್ದಲ ಮುಗಿದರೆ ಸಾಕಾಗಿತ್ತು. "ನೋಡಿ ಅಮ್ಮ, ಗಾಬರಿ ಬೇಡ. ನಿಮ್ಮನ್ನ ವಾಪಸ್ ಆಸ್ಪತ್ರೆಗೆ ಕಳಿಸೋ ವ್ಯವಸ್ಥೆ ಮಾಡ್ತೀವಿ, ಆಗ್ಬಹುದಾ?"

"ಬೇಡ!" ಅಕ್ಕ ಕಿರುಚಿದಳು.

"ಹಾಗಾದ್ರೆ ಇಲ್ಲೇ ಸ್ವಲ್ಪ ದಿನ ಇದ್ದು..."

"ಬೇಡ! ಬೇಡ!"

ಅಧಿಕಾರಿ ತಲೆ ಕೆರೆದುಕೊಂಡ. "ಇದೇನು, ಎಲ್ಲಕ್ಕೂ ಬೇಡ ಅಂತಾರಲ್ಲ?"

"ಅದನ್ನೇ ನಾನು ಆಗ್ಲಿಂದ ಬಡ್ಕೋತಿರೋದು!" ಎಂದು ರೈಟಮ್ಮ ಹಣೆ ಚಚ್ಚಿಕೊಂಡಳು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಕ್ಕಕ್ಕೆ ಸರಿಯಿರಿ ಎಂದಿದ್ದವನೇ ಈಗ, "ಹತ್ತಿಸಿ ಸ್ವಾಮಿ, ಪಾಪದವರು" ಎಂದ.

ಅಷ್ಟರಲ್ಲಿ ಅಕ್ಕ ಮುಂದಕ್ಕೆ ಬಾಗಿದಳು. ಮೇಜಿನ ಅಂಚಿನಲ್ಲಿದ್ದ ಎರಡು ಪಾಸ್‌ಪೋರ್ಟುಗಳನ್ನೂ ಎಡಗೈಯಿಂದ ಬಾಚಿ ಎಳೆದು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ಹುಡುಗಿ ಕೈಚಾಚಿದರೆ ಆ ಕೈಗೇ ಒಂದು ಪೆಟ್ಟು. ಕಣ್ಣು ಮಾತ್ರ ಆಚೆ, ವಿಮಾನಗಳು ಕಾಣುವ ಗಾಜಿನ ಕಡೆಗೇ.

ನಿಲ್ದಾಣದ ಡಾಕ್ಟರನ್ನು ಕರೆಸಿದರು. ಅವರು ಮಾತಿಗೆ ಮಾತು ಕೇಳಲಿಲ್ಲ. ಒಂದು ಕಾಗದದಲ್ಲಿ ವಿಮಾನ, ಇನ್ನೊಂದರಲ್ಲಿ ಮಂಚ ಬರೆದು ಅಕ್ಕನ ಮುಂದೆ ಹಿಡಿದರು. ಅಕ್ಕ ವಿಮಾನದ ಮೇಲೆ ಬೆರಳಿಟ್ಟಳು. ಕಾಗದ ಅದಲುಬದಲು ಮಾಡಿದರು. ಬೆರಳು ಮತ್ತೆ ವಿಮಾನಕ್ಕೇ. ಡಾಕ್ಟರು ತಲೆಯಾಡಿಸಿದರು. ಆದರೆ ಆ ಹೊತ್ತಿಗೆ ಅವರ ವಿಮಾನದ ಬಾಗಿಲು ಹಾಕಿ ಆಗಿತ್ತು.

ರೈಟಮ್ಮ ಗಾಜಿನ ಪಕ್ಕದ ಬೆಂಚಿನ ಮೇಲೆ ಕುಸಿದಳು. ಮನೆ ಬಿಟ್ಟಂದಿನಿಂದ ಕಟ್ಟಿಟ್ಟದ್ದೆಲ್ಲ ಆಗ ಒಡೆದು ಬಂತು. ಸೆರಗೂ ಅಡ್ಡ ಹಿಡಿಯದೆ ಅತ್ತಳು. ಅಕ್ಕ ಎಡಗೈ ಚಾಚಿ ಅವಳ ತಲೆಯನ್ನು ಒರಟಾಗಿ ಒತ್ತಿ ತನ್ನ ಮಡಿಲಿಗೆ ಎಳೆದುಕೊಂಡಳು. ಆ ಕೈ ತಲೆಯ ಮೇಲಿಂದ ಬಹಳ ಹೊತ್ತು ಸರಿಯಲಿಲ್ಲ.

ಮಾರನೆಯ ದಿನದ ವಿಮಾನದಲ್ಲಿ ಜಾಗ ಕೊಟ್ಟರು. ಕೌಂಟರಿನ ಹುಡುಗಿ ತಾನೇ ಗಾಲಿಕುರ್ಚಿ ತಳ್ಳಿಕೊಂಡು ಬಾಗಿಲವರೆಗೂ ಬಂದಳು. ಎರಡನೇ ತುಂಡು ಸುಲಭವಾಗಿರಲಿಲ್ಲ. ಅರ್ಧ ದಾರಿಯಲ್ಲಿ ಅಕ್ಕನಿಗೆ ಉಸಿರು ಕಟ್ಟಿದಂತಾಗಿ, ಆಮ್ಲಜನಕದ ಸಿಲಿಂಡರು ತಂದು ಮೂಗಿಗೆ ಕೊಟ್ಟರು. ಕಾಲು ತಣ್ಣಗಾದಾಗ ರೈಟಮ್ಮ ಮಂಡಿಯೂರಿ ಕೂತು ತಿಕ್ಕಿ ತಿಕ್ಕಿ ಬಿಸಿ ಮಾಡಿದಳು. ಗಂಟೆಗೊಮ್ಮೆ ಸೀಟುಗಳ ನಡುವಿನ ದಾರಿಯಲ್ಲಿ ಅಕ್ಕನನ್ನು ನಿಲ್ಲಿಸಿ, "ಸ್ವಲ್ಪ ಒಳಗೆ ಸರೀರಿ, ಕಾಲು ತಗೀರಿ, ಜಾಗ ಬಿಡಿ" ಎಂದು ಕೂಗುತ್ತಿದ್ದರೆ ಇಡೀ ವಿಮಾನ ತೆಪ್ಪಗೆ ಕಾಲು ಮಡಚಿಕೊಂಡಿತು. ಚಕ್ರ ನೆಲಕ್ಕೆ ತಾಗಿದಾಗ ಅಕ್ಕ ಕಿಟಕಿಗೆ ಮುಖ ಒತ್ತಿ ನಿದ್ದೆ ಹೋಗಿದ್ದಳು. ಎಬ್ಬಿಸಿದರೆ ಬೈಯುವ ಮುಖ ಮಾಡಿದಳು.

ಹೊರಗೆ ಗಂಡ ಅಂಗಡಿಯ ವ್ಯಾನಿನಲ್ಲಿ ಹಾಸಿಗೆ ಹಾಸಿಕೊಂಡು ಬಂದಿದ್ದ. ಅಣ್ಣನೂ ಬಂದಿದ್ದ, ಕಂಬದ ಮರೆಯಲ್ಲಿ ನಿಂತಿದ್ದ. ಅಕ್ಕ ಅವನನ್ನು ಕಂಡು ಬೆರಳಿನಿಂದ ಹತ್ತಿರ ಕರೆದಳು. ನರೆತ ತಲೆಯ ಅಣ್ಣ ಬಗ್ಗಿದಾಗ ಅವನ ಕಿವಿ ಹಿಡಿದು ಚೆನ್ನಾಗಿ ಹಿಂಡಿದಳು. ಅವನು ಬಿಡಿಸಿಕೊಳ್ಳದೆ ಬಿಕ್ಕಳಿಸಿದ. ಅವರಿಬ್ಬರ ನಡುವಿನ ಮುನಿಸು ಅಲ್ಲಿಗೆ ಮುಗಿಯಿತು. ರೈಟಮ್ಮನದು ಮುಗಿಯಲು ಇನ್ನೂ ಬಹಳ ಕಾಲ ಬೇಕಾಯಿತು. ಅಣ್ಣ ಕಳಿಸಿದ ಹಣ್ಣಿನ ಬುಟ್ಟಿಯನ್ನು ಅವಳು ಎರಡು ಸಲ ಹಿಂದಕ್ಕೆ ಕಳಿಸಿ, ಮೂರನೇ ಸಲ ಇಟ್ಟುಕೊಂಡಳು.

ಡಿಪೋದವರು ಹೇಳಿದಂತೆ ಸಸ್ಪೆಂಡ್ ಮಾಡಿದರು. ತಪ್ಪಾಯಿತೆಂದು ಬರೆದುಕೊಟ್ಟರೆ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಎಂದರು. "ರಜೆ ಇಲ್ಲದೆ ಹೋದೆ ಅಂತ ಬರೀತೀನಿ, ಅದು ನಿಜ. ತಪ್ಪಾಯ್ತು ಅಂತ ಬರೆಯಲ್ಲ, ಅದು ಸುಳ್ಳು," ಎಂದಳು ರೈಟಮ್ಮ. ಕೊನೆಗೆ ಕೆಲಸವೇನೋ ಸಿಕ್ಕಿತು, ಆದರೆ ಕಲ್ಲುಕೋರೆಯ ಕಡೆಯ ರೂಟು ಹಾಕಿದರು. ಮನೆಗೆ ಬರುವಷ್ಟರಲ್ಲಿ ರೆಪ್ಪೆಯ ಮೇಲೂ ಧೂಳು. ಆ ರೂಟಿನಿಂದ ಬಿಡಿಸಿ ಎಂದು ಅವಳು ಯಾರನ್ನೂ ಕೇಳಿಲ್ಲ.

ಅಕ್ಕನ ಬಾಯಿಗೆ ಮಾತು ಒಂದೊಂದೇ ಮರಳಿತು. ಮೊದಲು ಬಂದದ್ದು "ಬಿಸಿ". ಆಮೇಲೆ "ಬಾ", "ಹೋಗು". ಕೋಲೂರಿ ನಡೆಯುವಂತಾದ ಮೇಲೆ ಒಂದು ದಿನ ಅವಳು ರೈಟಮ್ಮನನ್ನು ಟಯರ್ ಅಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಹಳೇ ಟ್ಯೂಬು ತುಂಬಿದ್ದ, ಒಂದೇ ಕಿಟಕಿಯ ಕೋಣೆ. ಕೋಲಿನಿಂದ ನೆಲ ಕುಟ್ಟಿ, "ನಂದು" ಎಂದಳು.

ರೈಟಮ್ಮನಿಗೆ ಉರಿದುಹೋಯಿತು. "ಅಷ್ಟು ದೂರದಿಂದ ಹೊತ್ಕೊಂಡು ಬಂದಿದ್ದು ಟಯರ್ ಜೊತೆ ಇರ್ಲಿ ಅಂತಾನಾ? ನನ್ನ ಮನೇಲಿ ನಿಂಗೇನು ಕಡಿಮೆ ಆಗಿದೆ?"

"ನಂದು," ಎಂದಳು ಅಕ್ಕ ಮತ್ತೆ.

ಮೂರು ದಿನ ಇಬ್ಬರೂ ಮುಖ ತಿರುಗಿಸಿಕೊಂಡಿದ್ದರು. ನಾಲ್ಕನೇ ದಿನ ಗಂಡ ಯಾರಿಗೂ ಹೇಳದೆ ಟ್ಯೂಬುಗಳನ್ನೆಲ್ಲ ಹೊರಗೆ ಹಾಕಿ ಗೋಡೆಗೆ ಸುಣ್ಣ ಬಳಿದ. ಈಗ ಅಕ್ಕ ಅಲ್ಲೇ ಇದ್ದಾಳೆ. ಎತ್ತರದ ಮೇಜಿಗೆ ಒರಗಿ ನಿಂತು ಎಡಗೈಯಲ್ಲಿ ಬೀದಿಯವರ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ನಿಧಾನ, ಆದರೆ ಮಡಿಕೆ ಕತ್ತಿಯಂತೆ. ಬಟ್ಟೆಗೆ ಅವಸರ ಮಾಡಿದವರನ್ನು ಬಾಗಿಲಿಂದಲೇ ಕಳಿಸುತ್ತಾಳೆ. ರೈಟಮ್ಮ ಕೆಲಸ ಮುಗಿಸಿ ಬಂದು, ಧೂಳಿನ ಮುಖದಲ್ಲೇ ಆ ಬಾಗಿಲಲ್ಲಿ ನಿಂತು, ಕೂತು ಕೆಲಸ ಮಾಡಬಾರದೇ ಎಂದು ದಿನವೂ ಜಗಳ ತೆಗೆಯುತ್ತಾಳೆ. ಅಕ್ಕ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, ಅವಳ ಮೈಮೇಲಿನ ಸಮವಸ್ತ್ರ ಬಿಚ್ಚಿಕೊಡು ಎಂದು ಕೈ ಚಾಚುತ್ತಾಳೆ.